ಅತ್ತೆ ‘ಇದು ನೆಲ ಒರೆಸುವ ಎಣ್ಣೆ ಅಲ್ವಾ’ ಅಂದರು: ಪರಿಮಳದ ಎಣ್ಣೆ ಬಳಸುವವರು ಸ್ವಲ್ಪ ಹೇಳಿ

ನೀರ್ಚಾಲು ಸೊಸೆ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಮಳೆಗಾಲ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಬಿಡುವ ಮಾತೇ ಇಲ್ಲ. ಕಪಾಟು ತೆಗೆದರೆ ಬೂಷ್ಟಿನ ವಾಸನೆ, ಚಾಪೆ ಬಿಡಿಸಿದರೆ ಬೂಷ್ಟಿನ ವಾಸನೆ. ಫೋನಿನಲ್ಲಿ ಇದನ್ನೇ ಕೇಳಿ ಕೇಳಿ ಸಾಕಾಗಿ ಬೆಂಗಳೂರಿನ ನನ್ನ ತಮ್ಮ ಒಂದು ಡಬ್ಬಿ ಕಳಿಸಿದ. ಒಳಗೆ ಆರು ಪುಟ್ಟ ಬಾಟಲಿ: ಲ್ಯಾವೆಂಡರ್, ಟೀ ಟ್ರೀ, ಪುದೀನ, ಕಿತ್ತಳೆ, ನೀಲಗಿರಿ, ಲೆಮನ್‌ಗ್ರಾಸ್. ಜೊತೆಗೆ ನೀರು ಹಾಕಿದರೆ ಮಂಜಿನ ಹಾಗೆ ಹಬೆ ಬಿಡುವ ಡಿಫ್ಯೂಸರ್.

ಮೊದಲ ದಿನ ದೊಡ್ಡ ಸಂಭ್ರಮದಲ್ಲಿ ಲೆಮನ್‌ಗ್ರಾಸ್ ಹಾಕಿದೆ. ಅತ್ತೆ ಅಡುಗೆಮನೆಯಿಂದ ಬಂದು ಮೂಸಿ, “ಇದು ನೆಲ ಒರೆಸುವ ಎಣ್ಣೆ ಅಲ್ವಾ? ಇಷ್ಟು ಸಣ್ಣ ಬಾಟಲಿಗೆ ಎಷ್ಟು ಕೊಟ್ಟ ನಿನ್ನ ತಮ್ಮ?” ಅಂತ ಕೇಳಿದರು. ರೇಟು ಹೇಳಲಿಲ್ಲ ನಾನು.

ಈಗ ನನ್ನ ಪ್ರಶ್ನೆ. ಒಂದು, ಇದರಿಂದ ನಿಜವಾಗಿ ಏನಾದರೂ ಆಗ್ತದಾ, ಅಥವಾ ಸುಮ್ನೆ ಪರಿಮಳವಾ? ರಾತ್ರಿ ಲ್ಯಾವೆಂಡರ್ ಹಾಕಿದರೆ ನನಗೆ ನಿದ್ದೆ ಚೆನ್ನಾಗಿ ಬಂದ ಹಾಗೆ ಅನಿಸ್ತದೆ. ಎರಡು, ಮನೆಯಲ್ಲಿ ಒಂದೂವರೆ ವರ್ಷದ ಮಗ ಇದ್ದಾನೆ, ಶೀತ ಬಿಟ್ಟ ದಿನವಿಲ್ಲ. ನೀಲಗಿರಿ ಎಣ್ಣೆ ಎದೆಗೆ ಹಚ್ಚಬಹುದಾ? ಮೂರು, ಡಬ್ಬಿಯ ಒಳಗಿನ ಕಾಗದದಲ್ಲಿ ‘ಒಂದು ಹನಿ ಬಿಸಿನೀರಿಗೆ ಹಾಕಿ ಕುಡಿಯಿರಿ, ಜೀರ್ಣಕ್ಕೆ ಒಳ್ಳೆಯದು’ ಅಂತ ಇದೆ. ಕುಡಿದವರು ಯಾರಾದರೂ ಇದ್ದೀರಾ?

ಉಪ್ಪಳದ ನರ್ಸಮ್ಮ:
ಮೂರನೆಯದಕ್ಕೆ ಮೊದಲು ಉತ್ತರ ಕೊಡ್ತೇನೆ. ಕುಡಿಯಬೇಡಿ. ಆ ಕಾಗದವನ್ನು ಒಲೆಗೆ ಹಾಕಿ.

ಎರಡನೆಯದು. ಒಂದೂವರೆ ವರ್ಷದ ಮಗುವಿಗೆ ನೀಲಗಿರಿ ಎಣ್ಣೆಯೂ ಬೇಡ, ಪುದೀನ ಎಣ್ಣೆಯೂ ಬೇಡ, ಕರ್ಪೂರವೂ ಬೇಡ. ಎದೆಗೂ ಬೇಡ, ಮೂಗಿನ ಹತ್ತಿರವಂತೂ ಬೇಡವೇ ಬೇಡ. ಪುದೀನದೊಳಗಿನ ಮೆಂಥಾಲ್ ಎಳೆ ಮಗುವಿನ ಮೂಗಿಗೆ ತಾಗಿದರೆ ಗಂಟಲು ಬಿಗಿದು ಉಸಿರೇ ಸಿಕ್ಕಿಹಾಕಿಕೊಳ್ಳಬಹುದು. ಕರ್ಪೂರ ಹೊಟ್ಟೆಗೆ ಹೋದರೆ ಸೆಳೆತ ಬರ್ತದೆ, ದೊಡ್ಡವರಿಗೂ. ಬೆಂಗಳೂರಿನ ನರರೋಗದ ಡಾಕ್ಟರುಗಳು ನೀಲಗಿರಿ ಮತ್ತು ಕರ್ಪೂರ ಇರುವ ಎಣ್ಣೆ, ಮುಲಾಮುಗಳಿಂದ ಫಿಟ್ಸ್ ಬಂದವರ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಈ ಎರಡು ವಾಸನೆಯಿಂದ ದೂರ ಇಡಿ.

ನಾನು ಹಿಂದೆ ಕೆಲಸ ಮಾಡ್ತಿದ್ದ ಆಸ್ಪತ್ರೆಗೆ ಒಂದು ರಾತ್ರಿ ಎರಡು ವರ್ಷದ ಹುಡುಗಿಯನ್ನು ತಂದರು. ಕಿಟಕಿಯಲ್ಲಿ ಇಟ್ಟ ನೀಲಗಿರಿ ಎಣ್ಣೆಯ ಬಾಟಲಿ, ಮುಚ್ಚಳ ಸಡಿಲ. ಮಗು ಕುಡಿದದ್ದು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಬರುವಾಗ ಅದರ ಬಾಯಿಯಿಂದ ಕೋಣೆ ತುಂಬ ನೀಲಗಿರಿ ಪರಿಮಳ, ಮಗು ಮಾತ್ರ ತೂಗಿ ತೂಗಿ ಬೀಳ್ತಿತ್ತು. ದಾರಿಯಲ್ಲಿ ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡಿದ್ದರಂತೆ. ಅದು ಇನ್ನೂ ಅಪಾಯ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯ ಆಗ್ತದೆ. ಮಗು ಉಳಿಯಿತು, ಎರಡು ದಿನ ಮಲಗಿಸಿಕೊಂಡೆವು. ಒಂದು ಟೀ ಚಮಚ ಅಂದರೆ 5 ಮಿಲಿ, ಅಷ್ಟು ಸಾಕು ಸಣ್ಣ ಮಗುವನ್ನು ಬೀಳಿಸಲು. ನಿಮ್ಮ ಬಾಟಲಿ 10 ಮಿಲಿಯದ್ದಲ್ವಾ? ಎತ್ತರದಲ್ಲಿಡಿ, ಬೀಗ ಇದ್ದರೆ ಇನ್ನೂ ಒಳ್ಳೆಯದು.

ಪೆರ್ಲ ಗುಡ್ಡೆಮನೆ:
ನರ್ಸಮ್ಮ ಹೇಳಿದ ಮೇಲೆ ಮಕ್ಕಳ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಆ ನೆಲ ಒರೆಸುವ ಎಣ್ಣೆಯ ಬಗ್ಗೆ ಹೇಳಲೇಬೇಕು.

ನಿಮ್ಮ ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ಇಲ್ಲಿ ಅಂಗಡಿಯಲ್ಲಿ ಪುಲ್‌ತೈಲ ಅಂತ ಸಿಗುವುದು ಅದೇ. ಮಲಯಾಳದಲ್ಲಿ ಪುಲ್ಲು ಅಂದರೆ ಹುಲ್ಲು. ನಾವು ಮಜ್ಜಿಗೆಗೆ ಕುದಿಸಿ ಹಾಕುವ ಮಜ್ಜಿಗೆ ಹುಲ್ಲಿನ ಜಾತಿ. ಪರಿಮಳ ಒಂದೇ, ಲೇಬಲ್ ಇಂಗ್ಲಿಷಾದರೆ ರೇಟು ಬೇರೆ.

ನನ್ನ ಸೋದರಮಾವ ಪಾಣತ್ತೂರಿನ ಆಚೆ ಗುಡ್ಡದಲ್ಲಿ ಒಂದಷ್ಟು ವರ್ಷ ಈ ಹುಲ್ಲು ಬೆಳೆದಿದ್ದರು. ರಜೆಯಲ್ಲಿ ಹೋದಾಗ ನಾನು ನೋಡಿದ್ದೇನೆ. ಕೊಯ್ದ ಹುಲ್ಲನ್ನು ಒಂದು ದಿನ ನೆರಳಲ್ಲಿ ಬಾಡಲು ಬಿಡ್ತಿದ್ದರು. ಆಮೇಲೆ ಆಳೆತ್ತರದ ಹಂಡೆಗೆ ತುಂಬಿ, ಒಬ್ಬ ಒಳಗೆ ಇಳಿದು ಕಾಲಲ್ಲಿ ತುಳಿದು ಒತ್ತುತ್ತಿದ್ದ. ಕೆಳಗೆ ನೀರು, ಅದರ ಕೆಳಗೆ ಬೆಂಕಿ. ಉರಿಗೂ ಹಿಂದಿನ ದಿನ ಎಣ್ಣೆ ತೆಗೆದು ಒಣಗಿಸಿದ ಹುಲ್ಲೇ. ಮುಚ್ಚಳದ ಸುತ್ತ ಮಣ್ಣು ಮೆತ್ತಿ, ಹಬೆ ಹೋಗುವ ಕೊಳವೆಯನ್ನು ತೋಡಿನ ನೀರಿನ ತೊಟ್ಟಿಯೊಳಗೆ ಹಾಯಿಸಿದ್ದರು. ಕೊಳವೆಯ ಬಾಯಿಂದ ಮೊದಲು ಬರುವುದು ಬರೀ ನೀರು. ಸ್ವಲ್ಪ ಹೊತ್ತಿಗೆ ಆ ನೀರಿನ ಮೇಲೆ ಹಳದಿ ತೆಳು ಪದರ ಕಟ್ಟುತ್ತದೆ. ಮಾವ ಅದನ್ನು ಚಿಪ್ಪಿನಲ್ಲಿ ಮೆಲ್ಲ ತೆಗೆದು ಬಾಟಲಿಗೆ ಹಾಕ್ತಿದ್ದರು. 100 ಕಿಲೋ ಹುಲ್ಲಿಗೆ ಅರ್ಧ ಕಿಲೋ ಎಣ್ಣೆ ಸಿಕ್ಕಿದರೆ ಆ ದಿನ ಮಾವನ ಮುಖ ನೋಡಬೇಕಿತ್ತು. ಮನೆಗೆ ಬಂದ ಮೇಲೂ ಎರಡು ದಿನ ನನ್ನ ತಲೆಕೂದಲು ಅದೇ ಪರಿಮಳ.

ಈ ಎಣ್ಣೆಗೆ ವ್ಯಾಪಾರದಲ್ಲಿ ಕೊಚ್ಚಿ ಎಣ್ಣೆ ಅಂತಲೇ ಹೆಸರು. ಎರ್ನಾಕುಳಂ ಜಿಲ್ಲೆಯ ಓಡಕ್ಕಾಲಿಯಲ್ಲಿ 1951ರಿಂದಲೇ ಇದಕ್ಕೊಂದು ಸಂಶೋಧನಾ ಕೇಂದ್ರ ಇದೆ. ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿಟ್ರಾಲ್ ಎಂಬ ವಸ್ತು, ನಿಂಬೆ ವಾಸನೆ ಅದರದ್ದೇ. ಅದರಿಂದ ವಿಟಮಿನ್ ಎ ಕೂಡ ಮಾಡ್ತಿದ್ದರು.

ಒಂದು ಗುಟ್ಟು: ಅಂಗಡಿಯ ಪುಲ್‌ತೈಲವನ್ನು ಬಕೆಟ್ ನೀರಿಗೆ ಹಾಕಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗ್ತದಾ? ಹಾಗಾದರೆ ಅದರಲ್ಲಿ ಸೋಪಿನಂಥದ್ದು ಬೆರೆಸಿದ್ದಾರೆ. ಬರೀ ಎಣ್ಣೆ ನೀರಿನ ಮೇಲೆ ತೇಲ್ತದೆ ಅಷ್ಟೇ. ನೆಲಕ್ಕೆ ಬೆರೆಸಿದ್ದೇ ಅನುಕೂಲ. ಡಿಫ್ಯೂಸರಿಗೆ ಮಾತ್ರ ಅದನ್ನು ಹಾಕಬೇಡಿ.

ನೀರ್ಚಾಲು ಸೊಸೆ:
ಅಯ್ಯೋ, ನಿನ್ನೆ ಹಾಕಿ ಆಯ್ತು 😬 ಡಿಫ್ಯೂಸರ್ ನೊರೆ ಕಾರಿತು. ಬಾಟಲಿಗಳೆಲ್ಲ ಈಗ ದೇವರ ಕೋಣೆಯ ಮಾಡಿನ ಮೇಲೆ. ನರ್ಸಮ್ಮ, ಕೈ ಮುಗಿದೆ.

ತಾಳವಾಡಿ ತಮ್ಮಯ್ಯ:
ನಾನು ಈರೋಡು ಜಿಲ್ಲೆಯ ತಾಳವಾಡಿಯವನು. ಬೋರ್ಡು ತಮಿಳು, ಮನೆ ಮಾತು ಕನ್ನಡ. ನಮ್ಮ ಕಡೆಯಿಂದ ಊಟಿಗೆ ಹೋದವರೆಲ್ಲ ನೀಲಗಿರಿ ಎಣ್ಣೆ ತರುವುದು ವಾಡಿಕೆ. ಒಂದು ತಮಾಷೆ ನೋಡಿ. ಮರಕ್ಕೆ ಬೆಟ್ಟದ ಹೆಸರೇ ಇಟ್ಟುಬಿಟ್ಟಿದ್ದೇವೆ, ಆದರೆ ಮರ ಆಸ್ಟ್ರೇಲಿಯಾದ್ದು. 1843ರ ಹೊತ್ತಿಗೆ ಬ್ರಿಟಿಷರು ಸೌದೆಗೆ ಅಂತ ಊಟಿಗೆ ತಂದು ನೆಟ್ಟರು. ಸೌದೆಯ ಜೊತೆ ಎಣ್ಣೆಯೂ ಸಿಕ್ಕಿತು.

ರಸ್ತೆ ಬದಿ ಬಾಟಲಿಯಲ್ಲಿ ಮಾರುವುದೆಲ್ಲ ಅಸಲಿ ಅಲ್ಲ. ನಾನು ಮಾಡುವುದು ಇಷ್ಟು: ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು, ಟೀ ಕುಡಿದು ಬರ್ತೇನೆ. ನೀಲಗಿರಿಯ ಹನಿ ಹಾರಿ ಹೋಗಿರಬೇಕು. ಜಿಡ್ಡಿನ ಕಲೆ ಉಳಿದರೆ ಅಡುಗೆ ಎಣ್ಣೆ ಬೆರೆಸಿದ್ದಾರೆ. ಸ್ಪಿರಿಟ್ಟೋ ಟರ್ಪೆಂಟೈನೋ ಬೆರೆಸಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಲಾವಂಚ, ಗಂಧದಂಥ ಗಟ್ಟಿ ಎಣ್ಣೆಗೂ ಇದು ನಡೆಯುವುದಿಲ್ಲ, ಅವು ಅಷ್ಟು ಬೇಗ ಹಾರುವುದಿಲ್ಲ.

ಇನ್ನೊಂದು ಮಾತು. ದಿಂಬಂ ಘಾಟಿನಲ್ಲಿ 27 ಹೇರ್‌ಪಿನ್ ತಿರುವು. ಸತ್ಯಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ನಮ್ಮ ಊರಿನ ಅರ್ಧ ಹೆಂಗಸರ ಕೈಯಲ್ಲಿ ನಿಂಬೆಹಣ್ಣು ಇರ್ತದೆ. ಉಗುರಿನಲ್ಲಿ ಸಿಪ್ಪೆ ಕೆರೆದು ಮೂಸುತ್ತಾ ಕೂರುವುದು. ಸಿಪ್ಪೆಯಿಂದ ಚಿಮ್ಮುವುದು ಅದೇ ಎಣ್ಣೆಯಲ್ವಾ? ನಿಂಬೆ ಒಂದಕ್ಕೆ ಐದು ರೂಪಾಯಿ.

ಮಡಕಶಿರಾ ಲೆಕ್ಕ:
ಕೇಳುವವರು ಇದ್ದರೆ ಹೇಳುವವರಿಗೇನು. ಎಲ್ಲ ಮನಸ್ಸಿನ ಆಟ ಸ್ವಾಮಿ. ಅರೋಮಾಥೆರಪಿ, ಅಂದರೆ ಪರಿಮಳದ ಎಣ್ಣೆಯ ಚಿಕಿತ್ಸೆ, ಅನ್ನುವ ಪದವೇ ಫ್ರಾನ್ಸಿನದ್ದು, ಗಾಟ್ಫೋಸೆ ಅಂತ ಒಬ್ಬ ಸುಗಂಧದ್ರವ್ಯದ ರಸಾಯನ ತಜ್ಞ 1937ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ. ಲ್ಯಾಬಿನಲ್ಲಿ ಸ್ಫೋಟವಾಗಿ ಸುಟ್ಟ ಕೈಯನ್ನು ಪಕ್ಕದಲ್ಲಿದ್ದ ಲ್ಯಾವೆಂಡರ್ ಪಾತ್ರೆಗೆ ಅದ್ದಿದ, ತಕ್ಷಣ ಗುಣವಾಯಿತು ಅಂತ ಕಥೆ ಕಟ್ಟುತ್ತಾರೆ. ಅವನು ಬರೆದದ್ದೇ ಬೇರೆ. ಗಾಯ ಕೊಳೆಯಲು ಶುರುವಾದ ಮೇಲೆ ಲ್ಯಾವೆಂಡರಿನಲ್ಲಿ ತೊಳೆದೆ ಅಂತ. ಅಷ್ಟು ಸಣ್ಣ ಕಥೆಯನ್ನೇ ಹೀಗೆ ಹಿಗ್ಗಿಸಿದವರು ಎಣ್ಣೆಯ ಗುಣವನ್ನು ಎಷ್ಟು ಹಿಗ್ಗಿಸಿರಬಹುದು, ನೀವೇ ಲೆಕ್ಕ ಹಾಕಿ.

ಪುದೀನ ಮೂಸಿದರೆ ಮೂಗು ತೆರೆದ ಹಾಗೆ ಅನಿಸ್ತದಲ್ಲ, ಅದೂ ಅಷ್ಟೇ. ಮೆಂಥಾಲ್ ಚಳಿಯ ನರವನ್ನು ಚುಚ್ಚುತ್ತದೆ. ತಣ್ಣನೆ ಗಾಳಿ ಹೋದ ಹಾಗೆ ಮಿದುಳಿಗೆ ಅನಿಸ್ತದೆ. ಮೂಗು ಕಟ್ಟಿದ್ದು ಕಟ್ಟಿದ ಹಾಗೇ ಇರ್ತದೆ.

ಕುಂಬಳೆ ಮಾಷ್ಟ್ರು:
ಮಡಕಶಿರಾದವರೇ, ನಿಮ್ಮ ಲೆಕ್ಕ ಅರ್ಧ ಸರಿ. ಇನ್ನರ್ಧಕ್ಕೆ ನನ್ನ ಕಥೆ ಕೇಳಿ.

2021ರ ಮೇ ತಿಂಗಳು ನನಗೆ ಕೊರೋನಾ ಬಂತು. ಜ್ವರ ನಾಲ್ಕು ದಿನಕ್ಕೆ ಇಳಿಯಿತು, ವಾಸನೆ ಹೋದದ್ದು ಬರಲೇ ಇಲ್ಲ. ಹಲಸಿನ ಹಣ್ಣಿನ ಕಾಲ, ಅಂಗಳದಲ್ಲೇ ಹಣ್ಣು ಕೊಯ್ದು ಹಾಕಿದ್ದಾರೆ, ನನಗೆ ಏನೂ ಇಲ್ಲ. ಬಾಯಲ್ಲಿ ಸಿಹಿ ಇದೆ, ಆದರೆ ಹಲಸು ಇಲ್ಲ. ಒಂದು ದಿನ ಹಾಲು ಉಕ್ಕಿ ಗ್ಯಾಸ್ ನಂದಿತ್ತು. ನಾನು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ದೆ. ಹೆಂಡತಿ ಓಡಿ ಬಂದು ಆಫ್ ಮಾಡಿದಳು. ಆ ದಿನ ನಿಜವಾಗಿ ಹೆದರಿದೆ.

ಕಿವಿ ಮೂಗು ಗಂಟಲಿನ ಡಾಕ್ಟರು ಔಷಧ ಕೊಡಲಿಲ್ಲ, ನಾಲ್ಕು ಎಣ್ಣೆ ತರಲು ಹೇಳಿದರು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಒಂದೊಂದನ್ನೂ 10 ಸೆಕೆಂಡು ಮೂಸಬೇಕು. ಕಡಿಮೆ ಅಂದರೆ 12 ವಾರ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಅನ್ನುವ ಡಾಕ್ಟರ ತಂಡ 2009ರಲ್ಲಿ ಇದೇ ನಾಲ್ಕು ವಾಸನೆಯಿಂದ ಈ ಅಭ್ಯಾಸ ಮಾಡಿಸಿ ನೋಡಿದ್ದರಂತೆ. ಮಾಡದವರಿಗಿಂತ ಮಾಡಿದವರಲ್ಲಿ ಜಾಸ್ತಿ ಜನಕ್ಕೆ ವಾಸನೆ ಸುಧಾರಿಸಿತ್ತು.

ಗುಲಾಬಿ ಎಣ್ಣೆ ಪೇಟೆಯಲ್ಲಿ ಅಸಲಿ ಸಿಗಲಿಲ್ಲ, ಅತ್ತರಿನಲ್ಲೇ ನಡೆಸಿದೆ. ನಾಲ್ಕು ಖಾಲಿ ಮದ್ದಿನ ಬಾಟಲಿಯಲ್ಲಿ ಹತ್ತಿ ಇಟ್ಟು ಎರಡೆರಡು ಹನಿ ಹಾಕಿದ್ದೆ. ಶಾಲೆಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸಿದ ಹಾಗೆ ದಿನಾ ಕೂತು ಮೂಸುವುದು. ಐದು ವಾರ ಏನೂ ಇಲ್ಲ, ಬರೀ ಗಾಳಿ. ಏಳನೇ ವಾರ ಲವಂಗದ ಬಾಟಲಿಯಲ್ಲಿ ಏನೋ ಒಂದು ಚುರುಕು. ಆಮೇಲೆ ವಿಚಿತ್ರ ಶುರುವಾಯಿತು. ಕಾಫಿ ರಬ್ಬರ್ ಸುಟ್ಟ ಹಾಗೆ ವಾಸನೆ ಬರ್ತಿತ್ತು, ಇಂಗಿನ ಒಗ್ಗರಣೆ ಹಾಕಿದರೆ ಎದ್ದು ಹೋಗ್ತಿದ್ದೆ. ಡಾಕ್ಟರು, “ಒಳ್ಳೆಯದೇ ಆಯ್ತು, ನರ ಚಿಗುರ್ತಾ ಇದೆ” ಅಂದರು. ಹೆಂಡತಿಗೆ ಹೇಳಿದರೆ, “ನನ್ನ ಕಾಫಿಗೆ ಮೂವತ್ತು ವರ್ಷದ ನಂತರ ಇದೊಂದು ಹೆಸರು ಬಾಕಿ ಇತ್ತು” ಅಂದಳು. ಒಟ್ಟು ಎಂಟು ತಿಂಗಳು ಹಿಡಿಯಿತು. ಈಗ ನೂರಕ್ಕೆ ಎಂಬತ್ತು ಇದೆ ಅಂತ ನನ್ನ ಅಂದಾಜು. ಗುಲಾಬಿ ಇವತ್ತಿಗೂ ಸರಿಯಾಗಿ ಸಿಗುವುದಿಲ್ಲ.

ಎಣ್ಣೆಯಲ್ಲಿ ಔಷಧ ಇತ್ತು ಅಂತ ನಾನು ಹೇಳುವುದಿಲ್ಲ. ಇದ್ದದ್ದು ವಾಸನೆ. ನನಗೆ ಬೇಕಾಗಿದ್ದೂ ಅದೇ.

ಮಡಕಶಿರಾ ಲೆಕ್ಕ:
ಮಾಷ್ಟ್ರೇ, ಇದಕ್ಕೆ ಎದುರು ಮಾತಿಲ್ಲ. ಮೂಗಿಗೆ ವ್ಯಾಯಾಮ ಅನ್ನಿ, ಒಪ್ಪುತ್ತೇನೆ.

ಉಪ್ಪಳದ ನರ್ಸಮ್ಮ:
ನಾನೂ ಒಂದು ಸೇರಿಸ್ತೇನೆ. ವಾಕರಿಕೆ ಬಂದವರಿಗೆ ಇಂಜೆಕ್ಷನ್‌ಗೆ ಮೊದಲು ಒರೆಸುವ ಸ್ಪಿರಿಟ್ ಹತ್ತಿಯನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲ ಉಸಿರು ಎಳೆದುಕೊಳ್ಳಲು ಹೇಳಿದರೆ ಕಡಿಮೆಯಾಗ್ತದೆ. ಇದನ್ನು ಅಮೆರಿಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಸರಿಯಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಪುದೀನ ಎಣ್ಣೆಯ ಪರೀಕ್ಷೆಗಳು ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಲ್ಯಾವೆಂಡರ್ ಮೂಸಿದರೆ ಆಪರೇಷನ್‌ಗೆ ಮೊದಲಿನ ಭಯ ಸ್ವಲ್ಪ ಇಳಿಯುತ್ತದೆ ಅನ್ನುವ ಪರೀಕ್ಷೆಗಳಿವೆ. ಸ್ವಲ್ಪ ಅನ್ನುವ ಮಾತನ್ನು ಬಿಡಬೇಡಿ. ನಿದ್ದೆ ಬಂದ ಹಾಗೆ ಅನಿಸಿದರೆ ಬಂದದ್ದೇ. ಆದರೆ ಬಿಪಿ ಮಾತ್ರೆ ನಿಲ್ಲಿಸಿ ಎಣ್ಣೆ ಮೂಸಿಕೊಂಡು ಕೂತವರನ್ನೂ ನೋಡಿದ್ದೇನೆ, ಅಂಥವರಿಗೆ ಬೈದೇ ಕಳಿಸುವುದು.

ಅಸ್ತಮಾ ಇರುವ ಮನೆಯಲ್ಲಿ ಡಿಫ್ಯೂಸರ್ ಬೇಡ. ಇಲ್ಲದವರೂ ಅರ್ಧ ಗಂಟೆ ಹಾಕಿ, ಕಿಟಕಿ ತೆರೆದಿಟ್ಟು, ಆಫ್ ಮಾಡಿ. ಇಡೀ ರಾತ್ರಿ ಬೇಡ. ಬೆಕ್ಕು ಇದ್ದರೆ ಟೀ ಟ್ರೀ ತರಲೇಬೇಡಿ, ಅದಕ್ಕೆ ವಿಷ.

ಸೊಲ್ಲಾಪುರ ಚಾದರ:
ನಮಸ್ಕಾರ ರೀ. ನಮ್ಮ ಕಡೆ ಡಿಫ್ಯೂಸರ್ ಗಿಫ್ಯೂಸರ್ ಕಡಿಮೆ, ಅತ್ತರು ಜಾಸ್ತಿ. ಅತ್ತರಿನ ಅಂಗಡಿಯಾತ ನನಗೆ ಕಲಿಸಿದ್ದು ಒಂದೇ: ಅಗ್ಗದ ಮಲ್ಲಿಗೆ ಎಣ್ಣೆ ಕಂಡರೆ ನಗಬೇಕು. ಮಲ್ಲಿಗೆ ಹಬೆಯ ಬಿಸಿ ತಡೆಯುವುದಿಲ್ಲ ನೋಡ್ರಿ, ಪರಿಮಳ ಕೆಟ್ಟು ಹೋಗ್ತದೆ. ಅದನ್ನು ದ್ರಾವಕ ಹಾಕಿ ಬೇರೆ ರೀತಿ ತೆಗೀಬೇಕು, ಹೂವು ರಾಶಿ ರಾಶಿ ಬೇಕು. ಗುಲಾಬಿಯದ್ದೂ ಹಂಗೇ, ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಟನ್ ಹೂವು. 150 ರೂಪಾಯಿಗೆ ‘ಶುದ್ಧ ಗುಲಾಬಿ ಎಣ್ಣೆ’ ಕೊಟ್ಟರೆ ಅವನು ದೇವರೇ ಇರಬೇಕು. ಮಾಷ್ಟ್ರಿಗೆ ಗುಲಾಬಿ ಇನ್ನೂ ಸಿಗದೇ ಇರೋದು ಮೂಗಿನ ತಪ್ಪೋ ಅತ್ತರಿನ ತಪ್ಪೋ, ಅದನ್ನೂ ನೋಡ್ರಿ.

ಬಾಟಲಿ ತಿರುಗಿಸಿ ಓದ್ರಿ. ಗಿಡದ ಸಸ್ಯಶಾಸ್ತ್ರದ ಹೆಸರು, ಯಾವ ಭಾಗದ ಎಣ್ಣೆ, ಬ್ಯಾಚ್ ನಂಬರು ಇರಬೇಕು. ಬರೀ ‘ಫ್ರಾಗ್ರೆನ್ಸ್ ಆಯಿಲ್’ ಅಂತ ಇದ್ದರೆ ಅದು ಸೆಂಟು. ಸೆಂಟು ಕೆಟ್ಟದ್ದಲ್ಲ, ಆದರೆ ಸೆಂಟಿನ ರೇಟಿಗೆ ತಗೋಬೇಕು.

ಹೊಸೂರು ಬಸ್‌ಸ್ಟಾಂಡ್:
ಮಗುವಿನ ಶೀತಕ್ಕೆ ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಎಣ್ಣೆಸ್ನಾನ ಆದ ಮೇಲೆ ಮಗುವಿನ ತಲೆಗೆ ಸಾಂಬ್ರಾಣಿ ಹಾಕ್ತೀವಿ, ಶೀತ ಹತ್ತಿರ ಸುಳಿಯಲ್ಲ.

ನೀರ್ಚಾಲು ಸೊಸೆ:
ನಮ್ಮಲ್ಲೂ ಸಾಂಬ್ರಾಣಿ ಬಾಡಿಸಿ ನೆತ್ತಿಗೆ ಇಡ್ತಾರೆ. ಅತ್ತೆ ಅದರ ತಂಬುಳಿಯನ್ನೂ ಮಾಡ್ತಾರೆ.

ಹೊಸೂರು ಬಸ್‌ಸ್ಟಾಂಡ್:
ಸಾಂಬ್ರಾಣಿಯಲ್ಲಿ ತಂಬುಳಿಯಾ?? ಕೆಂಡದ ಮೇಲೆ ಹಾಕುವ ಅಂಟು ರೀ ಅದು!

ಪೆರ್ಲ ಗುಡ್ಡೆಮನೆ:
😂 ಇಬ್ಬರೂ ನಿಲ್ಲಿ. ನಮ್ಮ ಕಡೆ ಸಾಂಬ್ರಾಣಿ ಅಂದರೆ ದೊಡ್ಡಪತ್ರೆ. ಹೊಸೂರಿನವರದ್ದು ಧೂಪ, ಮರದ ಅಂಟು. ಇನ್ನು ಸಾಂಬ್ರಾಣಿ ಗಡ್ಡೆ ಅಂತ ಪಲ್ಯ ಮಾಡುವುದು ಮೂರನೆಯದು, ಅದನ್ನು ಈಗ ಎತ್ತುವುದಿಲ್ಲ.

ಉಪ್ಪಳದ ನರ್ಸಮ್ಮ:
ಎಲೆಗೆ ನನ್ನ ತಕರಾರಿಲ್ಲ. ಹೊಗೆಗೆ ಇದೆ. ಶೀತ ಆದ ಮಗುವಿಗೆ ಯಾವ ಹೊಗೆಯೂ ಬೇಡ, ದೇವರ ಧೂಪವಾದರೂ ಸರಿ. ಹೊಸೂರಿನವರು ಬೇಜಾರು ಮಾಡಿಕೊಳ್ಳಬೇಡಿ.

ನೀರ್ಚಾಲು ಸೊಸೆ:
ನಿನ್ನೆ ಆದದ್ದನ್ನು ಹೇಳ್ತೇನೆ. ಮನೆಯಲ್ಲಿ ಪೂಜೆ ಕಳೆದು ಉಳಿದ ಥರ್ಮಾಕೋಲ್ ಲೋಟಗಳಿದ್ದವು. ಕಿತ್ತಳೆ ಎಣ್ಣೆ ಮತ್ತು ತೆಂಗಿನೆಣ್ಣೆ ಬೆರೆಸಿ ಕಾಲಿಗೆ ಹಚ್ಚೋಣ ಅಂತ ಒಂದು ಲೋಟಕ್ಕೆ ಮೊದಲು ಕಿತ್ತಳೆ ಎಣ್ಣೆ ಐದಾರು ಹನಿ ಬಿಟ್ಟೆ. ತೆಂಗಿನೆಣ್ಣೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಲೋಟದ ತಳ ಕರಗಿ, ಎಣ್ಣೆ ಮೇಜಿನ ಮೇಲೆ! ಮೇಜಿನ ಪಾಲಿಶ್ ಕೂಡ ಒಂದು ರೂಪಾಯಿ ನಾಣ್ಯದಷ್ಟು ಎದ್ದು ಬಂತು. ಅಂಚು ಮುಟ್ಟಿ ನೋಡಿದರೆ ಅಂಟು ಅಂಟು. ಇದನ್ನೇ ಕುಡಿಯಲು ಹೊರಟಿದ್ದೆ ನಾನು.

ಅತ್ತೆ ಬಂದು ನೋಡಿ, “ಪಾತ್ರೆ ತಿಕ್ಕಲು ಒಳ್ಳೆಯದು” ಅಂತ ಹೇಳಿ ಹೋದರು.

ಪೆರ್ಲ ಗುಡ್ಡೆಮನೆ:
ಅದು ಸಿಪ್ಪೆಯಲ್ಲಿರುವ ಲಿಮೊನೀನ್‌ನ ಕೆಲಸ. ಥರ್ಮಾಕೋಲನ್ನು ಅದು ಸಲೀಸಾಗಿ ಕರಗಿಸ್ತದೆ. ಗಾಜಿನಲ್ಲೇ ಬೆರೆಸಿ.

ಲೆಕ್ಕ ನೆನಪಿಡಿ: 30 ಮಿಲಿ ತೆಂಗಿನೆಣ್ಣೆಗೆ 6 ಹನಿ, ಅದು ನೂರಕ್ಕೆ ಒಂದು. ದೊಡ್ಡವರಿಗೆ ಕೈಕಾಲಿಗೆ ಅಷ್ಟು ಸಾಕು. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಿರಿ. ನಿಂಬೆ ಜಾತಿಯ ಹಿಂಡಿದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕಪ್ಪಾಗಬಹುದು, ಹಾಗಾಗಿ ರಾತ್ರಿ ಹಚ್ಚಿ. ವರ್ಷಗಟ್ಟಲೆ ತೆರೆದಿಟ್ಟ ಎಣ್ಣೆ ಬೇಡ. ಟೀ ಟ್ರೀ ಹಳತಾದರೆ ತುರಿಕೆ ಗ್ಯಾರಂಟಿ.

ಇನ್ನೊಂದು ಹೇಳಲೋ ಬೇಡವೋ ಅಂತ ಇದ್ದೆ. ನಿಮ್ಮ ಡಬ್ಬಿಯಲ್ಲಿ ‘ರಾಸಾಯನಿಕ ಇಲ್ಲ’ ಅಂತ ದೊಡ್ಡದಾಗಿ ಬರೆದಿರ್ತದಲ್ಲ? ನಮ್ಮ ಊರಿನವರಿಗೆ ಆ ಮಾತು ಬೇಗ ನಾಟ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದನ್ನು ಕಂಡ ಊರು ಇದು. ಪೆರ್ಲ, ಎಣ್ಮಕಜೆಯ ಕಡೆ ಅದರಿಂದ ನರಳಿದ ಮಕ್ಕಳನ್ನು ನೋಡಿದವರು ‘ರಾಸಾಯನಿಕ’ ಅಂದರೆ ಬೆಚ್ಚಿ ಬೀಳುವುದು ತಪ್ಪಲ್ಲ. ಅದನ್ನು ಗೊತ್ತಿದ್ದೇ ಮಾರುವವರು ಹಾಗೆ ಬರೀತಾರೆ. ಆದರೆ ಸಿಟ್ರಾಲ್ ಅಂದರೂ ರಾಸಾಯನಿಕವೇ, ಹುಲ್ಲಿನಿಂದ ಬಂದದ್ದು ಅಷ್ಟೇ. ಮಾವನ ಹಂಡೆ ಇಳಿಸುವಾಗ ಎಣ್ಣೆ ಕೈಗೆ ಚೆಲ್ಲಿದವನಿಗೆ ವಾರವಿಡೀ ಚರ್ಮ ಉರಿದದ್ದನ್ನು ನಾನೇ ನೋಡಿದ್ದೇನೆ.

ತಾಳವಾಡಿ ತಮ್ಮಯ್ಯ:
ಸೊಳ್ಳೆಗೆ ಈ ಹುಲ್ಲಿನ ಎಣ್ಣೆ ಆಗ್ತದಾ? ನಮ್ಮಲ್ಲಿ ಸಾಯಂಕಾಲ ಕೂರಲು ಬಿಡಲ್ಲ.

ಪೆರ್ಲ ಗುಡ್ಡೆಮನೆ:
ಸ್ವಲ್ಪ ಹೊತ್ತು ಆಗ್ತದೆ. ಎಣ್ಣೆ ಹಾರಿ ಹೋಯಿತು, ಸೊಳ್ಳೆ ವಾಪಸ್. ಡೆಂಗ್ಯೂ ಕಾಲದಲ್ಲಿ ಪರದೆಯನ್ನೇ ನಂಬಿ.

ನೀರ್ಚಾಲು ಸೊಸೆ:
ಎಲ್ಲರಿಗೂ ಉಪಕಾರ ಆಯ್ತು. ನಮ್ಮ ಮನೆಯ ಈಗಿನ ಸ್ಥಿತಿ: ಟೀ ಟ್ರೀ, ನೀಲಗಿರಿ, ಪುದೀನ ಮೂರನ್ನೂ ತಮ್ಮನಿಗೆ ವಾಪಸ್ ಕೊಡ್ತೇನೆ. ಲ್ಯಾವೆಂಡರ್ ನನಗೆ, ಮಗ ಅಜ್ಜಿಯ ಕೋಣೆಯಲ್ಲಿ ಮಲಗಿದ ಮೇಲೆ ಅರ್ಧ ಗಂಟೆ. ಕಿತ್ತಳೆ ಎಣ್ಣೆಯಿಂದ ಅತ್ತೆ ಹಳೆ ಸ್ಟಿಕ್ಕರಿನ ಅಂಟು ತೆಗೀತಾ ಇದ್ದಾರೆ, ಬಹಳ ಖುಷಿ. ಕಪಾಟಿನ ಬೂಷ್ಟಿಗೆ ಮಾತ್ರ ಯಾವ ಎಣ್ಣೆಯೂ ನಡೆಯಲಿಲ್ಲ. ಒಣಬಟ್ಟೆಯಲ್ಲಿ ಒರೆಸಿ, ಬಾಗಿಲು ತೆರೆದಿಟ್ಟು ಫ್ಯಾನ್ ಹಾಕಿದೆ, ವಾಸನೆ ಹೋಯಿತು.

ಗುಡ್ಡೆಮನೆಯವರೇ, ಆ ಮಜ್ಜಿಗೆ ಹುಲ್ಲಿನ ಬುಡ ನಿಮ್ಮಲ್ಲಿ ಇದೆಯಾ? ನಮ್ಮದು ಕಳೆದ ವರ್ಷ ಸತ್ತುಹೋಯಿತು. ಅತ್ತೆ ಕೇಳ್ತಾ ಇದ್ದಾರೆ.

ಪೆರ್ಲ ಗುಡ್ಡೆಮನೆ:
ಇದೆಯಾ ಅಂತ ಕೇಳ್ತೀರಾ, ಹಟ್ಟಿಯ ಹಿಂದೆ ಪೊದೆಯೇ ಆಗಿದೆ. ಆದಿತ್ಯವಾರ ಬದಿಯಡ್ಕ ಪೇಟೆಗೆ ಬರುವಾಗ ನಾಲ್ಕು ಬುಡ ಕಿತ್ತು ತರ್ತೇನೆ. ನೀರು ನಿಲ್ಲದ ಕಡೆ ನೆಡಿ, ಕಳೆದ ವರ್ಷದ್ದು ಕೊಳೆತೇ ಸತ್ತಿರಬೇಕು.

ಕುಂಬಳೆ ಮಾಷ್ಟ್ರು:
ನನಗೂ ಎರಡು ಬುಡ. ಬಸ್‌ಸ್ಟಾಂಡಿನ ಹತ್ತಿರ ಇರ್ತೇನೆ, ಹತ್ತು ಗಂಟೆಗೆ.